ವ್ರೀಹಿ, ಶಾಲಿ, ಕಳವೆ

ಕಾವ್ಯಗಳ ಟೀಕೆಗಳಲ್ಲಿ ವ್ರೀಹಿಯೆಂದರೂ ಬತ್ತ, ಶಾಲಿಯೆಂದರೂ ಬತ್ತ, ಕಳವೆಯೆಂದರೂ ಬತ್ತವೆಂದೇ ಅರ್ಥವನ್ನು ಹೇಳಿ ಮುಂದೆ ಸಾಗುವ ವಾಡಿಕೆಯುಂಟು. ಇದರಿಂದ ಅನ್ವಯಕ್ಕೇನೂ ಬಾಧೆಯಿಲ್ಲ. ಆದರೆ ಕವಿಯು ಉದ್ದೇಶಿಸಿದ ಋತುವೂ ಕೃಷಿಕರ್ಮವೂ ವಿದ್ಯಾರ್ಥಿಗೆ ಮರೆಯಾಗುವುವು.

ಈ ಶಬ್ದಗಳು ಪರ್ಯಾಯಗಳಲ್ಲವೆಂಬುದಕ್ಕೆ ವ್ಯಾಕರಣವೇ ಮೊದಲ ಸಾಕ್ಷಿ. ವ್ರೀಹಿ ಬೆಳೆಯುವ ಕ್ಷೇತ್ರಕ್ಕೆ ವ್ರೈಹೇಯವೆಂದೂ ಶಾಲಿಯದಕ್ಕೆ ಶಾಲೇಯವೆಂದೂ ಷಷ್ಟಿಕದ್ದಕ್ಕೆ ಷಷ್ಟಿಕ್ಯವೆಂದೂ ಪಾಣಿನಿಯು 5ನೆಯ ಅಧ್ಯಾಯದಲ್ಲಿ ರೂಪಗಳನ್ನು ಸಾಧಿಸಿರುವನು. ಷಷ್ಟಿಕವೆಂದರೆ 60 ರಾತ್ರಿಗಳಲ್ಲಿ ಮಾಗುವುದು. ಅಮರಸಿಂಹನು ವ್ರೀಹಿಗೆ ಆಶುವೆಂಬ ಹೆಸರನ್ನೂ ಕೊಟ್ಟಿರುವುದರಿಂದ ಅದು ಬೇಗನೆ ಬರುವ ಬೆಳೆಯೆಂದು ಊಹಿಸಬಹುದು. 16ನೆಯ ಶತಮಾನದ ಭಾವಮಿಶ್ರನು ವ್ರೀಹಿಯು ಮಳೆಗಾಲದ್ದು, ಕುಟ್ಟಿದ ಮೇಲೆ ಬಿಳುಪಾಗುವುದು; ಶಾಲಿಯು ಹೇಮಂತದ್ದು, ಕುಟ್ಟದೆಯೇ ಬಿಳಿದು ಎಂದು ವಿಂಗಡಿಸುವನು. ಆದರೆ ಚರಕಾದಿಗಳು ಶ್ರೇಷ್ಠವೆಂದು ಹೊಗಳಿದ ರಕ್ತಶಾಲಿಯನ್ನು ಆತನೂ ಶಾಲಿಗಳಲ್ಲಿಯೇ ಸೇರಿಸಿರುವುದರಿಂದ ಬಣ್ಣದ ಲಕ್ಷಣಕ್ಕೆ ಅವ್ಯಾಪ್ತಿದೋಷವು ತಪ್ಪದು. ಋತುವಿನ ಲಕ್ಷಣವೇ ಗ್ರಾಹ್ಯವು.

ಕಲಮವು ಶಾಲಿಯ ಒಂದು ಭೇದ. ರಘುವಂಶದ 4ನೆಯ ಸರ್ಗದಲ್ಲಿ ವಂಗದ ಅರಸರು ರಘುವಿಗೆ ಮಣಿದುದನ್ನು ಹೇಳುವಾಗ ಕಾಳಿದಾಸನು ಕಿತ್ತು ಮರಳಿ ನೆಟ್ಟ ಕಲಮವನ್ನು ಉಪಮಾನವಾಗಿ ತಂದಿದ್ದಾನೆ. ಪದಚ್ಯುತರಾಗಿ ಮತ್ತೆ ಪ್ರತಿಷ್ಠಿತರಾದ ಅರಸರು ಪಾದಕ್ಕೆರಗಿ ಸಂಪತ್ತನ್ನೊಪ್ಪಿಸಿದರು. ಸಸಿಮಡಿಯಿಂದ ಕಿತ್ತು ಕೆಸರುಗದ್ದೆಯಲ್ಲಿ ನಾಟಿಮಾಡಿದ ಪೈರು ಬುಡದವರೆಗೂ ಬಾಗಿ ಫಲವನ್ನು ಕೊಡುವುದು. ಇಲ್ಲಿ ಕಲಮಕ್ಕೆ ಬರಿಯ ಬತ್ತವೆಂದರೆ ಉಪಮೆಯ ಜೀವವೇ ಹೋಗುವುದು. ಎರಚಿ ಬಿತ್ತಿದ ಬತ್ತವನ್ನು ಕಿತ್ತು ನೆಡುವವರುಂಟೇ? ಈ ಕಲಮವೇ ತದ್ಭವವಾಗಿ ಕನ್ನಡದ ಕಳಮೆ, ಕಳವೆ. ಕನ್ನಡಕ್ಕೆ ಬಂದ ಮೇಲೆ ಅರ್ಥವು ಸಡಿಲವಾಗಿ ಸಾಮಾನ್ಯವಾದ ನೆಲ್ಲಿಗೂ ಸಂದಿತಾದರೂ ಪಾಠಹೇಳುವವರು ಮೂಲವನ್ನು ಸೂಚಿಸುವುದು ಉಚಿತವು.

ಬತ್ತವೆಂಬ ಶಬ್ದದ ಗತಿಯೂ ವಿಚಿತ್ರವೇ. ಇದನ್ನು ಭಕ್ತಶಬ್ದದಿಂದ ಸಾಧಿಸುವುದುಂಟು. ಅದಕ್ಕೆ ಬೆಂದ ಅನ್ನವೆಂದರ್ಥ. ಅಡಿಗೆಮನೆಯ ಮಾತು ಗದ್ದೆಗೆ ಹೋದುದು ಹೇಗೆಂದು ಶಂಕಿಸುವವರು ಮರಾಠಿಯನ್ನು ನೋಡಬೇಕು. ಅಲ್ಲಿ ಭಾತಶಬ್ದವು ಪುಲ್ಲಿಂಗದಲ್ಲಿ ಅನ್ನವನ್ನೂ ನಪುಂಸಕದಲ್ಲಿ ಬತ್ತವನ್ನೂ ಹೇಳುತ್ತದೆ. ತಿನ್ನತಕ್ಕದ್ದೆಲ್ಲಕ್ಕೂ ಸಲ್ಲುತ್ತಿದ್ದ ಅನ್ನಶಬ್ದವು ಕನ್ನಡದಲ್ಲಿ ಬೆಂದ ಅಕ್ಕಿಯಲ್ಲಿಯೇ ರೂಢವಾದುದು ಈ ಧಾನ್ಯದ ಪ್ರಾಧಾನ್ಯವನ್ನು ತೋರಿಸುವುದು. ರಾಗಿಯನ್ನುಣ್ಣುವ ಸೀಮೆಗಳಲ್ಲಿಯೂ ಈ ರೂಢಿಯೇ.

ವ್ರೀಹಿಶಾಲಿಗಳ ಭೇದವನ್ನು ಕಣ್ಣಿಗೆ ಕಾಣಿಸಬೇಕೆಂದರೆ ತುಳುನಾಡೇ ತಕ್ಕ ದೃಷ್ಟಾಂತ. ಅಲ್ಲಿ ಮಳೆಯ ಬೆಳೆ ಏಣೆಲು, ಅನಂತರದ್ದು ಸುಗ್ಗಿ, ಬೇಸಗೆಯದು ಕೊಳಕೆ. ನೆಲವೂ ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆ. ನೀರು ನಿಲ್ಲುವ ಬೈಲಿಗೆ ಮಾತ್ರ ಮೂರನೆಯ ಬೆಳೆಯ ಭಾಗ್ಯ. ಏಣೆಲನ್ನು ವ್ರೀಹಿಗೂ ಸುಗ್ಗಿಯನ್ನು ಶಾಲಿಗೂ ಹೋಲಿಸಿದರೆ ವಿದ್ಯಾರ್ಥಿಗೆ ಬೇರೆ ವ್ಯಾಖ್ಯಾನ ಬೇಡ.

ಕುಮಟೆಯ ಬಳಿ ಅಘನಾಶಿನಿಯ ಅಳಿವೆಯ ಗಜನಿಭೂಮಿಗಳಲ್ಲಿ ಬೆಳೆಯುವ ಕಗ್ಗವೆಂಬ ತಳಿಯೂ ವಿಚಾರಾರ್ಹವಾದುದು. ಉಪ್ಪುನೀರು ನುಗ್ಗಿ ಕೆಲವು ದಿನ ಮುಳುಗಿಸಿದರೂ ಇದು ಸಾಯದು, ಗೊಬ್ಬರವನ್ನೂ ಬೇಡದು. ಮೊಳಕೆ ಬರಿಸಿದ ಬೀಜವನ್ನು ಎರಚುವರಾದುದರಿಂದ ಇದು ಕಲಮವಲ್ಲ. ಅಕ್ಕಿ ಕೆಂಪಾದರೂ ಹೇಮಂತದ್ದಲ್ಲವಾದ ಕಾರಣ ರಕ್ತಶಾಲಿಯೂ ಅಲ್ಲ. ಒಡ್ಡುಗಳು ಒಡೆದುದರಿಂದಲೂ ಸಿಗಡಿಯ ಕೃಷಿಯಿಂದಲೂ ಇದರ ಗದ್ದೆಗಳು ಈಗ ಬಹಳ ಕುಗ್ಗಿವೆ. ಮಳೆಯೊಡನೆ ಬೆಳೆದು ಮಳೆ ಕಳೆಯುತ್ತಲೇ ಕೊಯ್ಲಿಗೆ ಬರುವ ಇದನ್ನು ವ್ರೀಹಿಯೆಂದೇ ಎಣಿಸತಕ್ಕದ್ದು.