ಅಲೆಗಳ ಹಾವಳಿ

ಮಾನವನ ಹೃದಯವು ಬಡಿಯುವಾಗಲೆಲ್ಲ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಎದೆಯ ಚರ್ಮದ ಮೇಲೆ ಅಳೆದರೆ ಅದು ಸುಮಾರು ಒಂದು ಮಿಲಿವೋಲ್ಟ್, ಎಂದರೆ ವೋಲ್ಟಿನ ಸಾವಿರದ ಒಂದು ಭಾಗ ಮಾತ್ರ. ಕೈದೀಪದ ಒಂದು ಶುಷ್ಕಕೋಶದಲ್ಲಿ ಒಂದೂವರೆ ವೋಲ್ಟ್ ಇರುತ್ತದೆಂಬುದನ್ನು ನೆನೆದರೆ, ಹೃದಯದ ಈ ಸಂಕೇತವು ಎಷ್ಟು ಕ್ಷೀಣವಾದುದೆಂದು ತಿಳಿಯುತ್ತದೆ. ಈ ಪಿಸುಮಾತನ್ನು ಆಲಿಸಿ, ಹಿಗ್ಗಿಸಿ, ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರಗಳು ಆಸ್ಪತ್ರೆಗಳಲ್ಲಿವೆ.

ಹೃದ್ರೋಗಿಯು ಎದ್ದು ಓಡಾಡುವಾಗಲೂ ಅವನ ಮೇಲೆ ನಿಗಾ ಇರಬೇಕಷ್ಟೆ. ಅದಕ್ಕಾಗಿ ಅವನ ಮೈಗೆ ಪುಟ್ಟದೊಂದು ಪ್ರೇಷಕವನ್ನು ಕಟ್ಟುತ್ತಾರೆ. ಅದು ಹೃದಯದ ಸಂಕೇತವನ್ನು ರೇಡಿಯೋ ಅಲೆಗಳ ಮೂಲಕ ದಾದಿಯರ ಕೊಠಡಿಗೆ ಕಳುಹಿಸುತ್ತದೆ. ಆದರೆ ಅದೇ ಕಂಪನಾಂಕದ ಪ್ರಬಲ ಅಲೆಯೊಂದು ಹೊರಗಿನಿಂದ ಬಂದರೆ ಗತಿಯೇನು? ಜಾತ್ರೆಯ ನಗಾರಿಯ ಸದ್ದಿನಲ್ಲಿ ಮಗುವಿನ ಕರೆ ಅಡಗಿಹೋಗುವಂತೆ, ರೋಗಿಯ ಸಂಕೇತವೂ ಅಡಗಿಹೋಗುತ್ತದೆ.

ಅಮೆರಿಕದ ಡಾಲಸ್ ನಗರದಲ್ಲಿ 1998ರ ಫೆಬ್ರವರಿಯಲ್ಲಿ ನಡೆದುದು ಇದೇ. ಅಲ್ಲಿನ ಬೇಲರ್ ವೈದ್ಯಕೀಯ ಕೇಂದ್ರದ ಹೃದಯ ನಿಗಾ ಯಂತ್ರಗಳು, ಖಾಲಿಯಿದ್ದ ದೂರದರ್ಶನ ಕಂಪನಾಂಕಗಳನ್ನು ಬಳಸುತ್ತಿದ್ದವು. ದೂರದರ್ಶನ ಕೇಂದ್ರವೊಂದು ತನಗೆ ವಿಧಿವತ್ತಾಗಿ ದೊರೆತಿದ್ದ ಕಂಪನಾಂಕದಲ್ಲಿ ಡಿಜಿಟಲ್ ಪ್ರಸಾರದ ಪರೀಕ್ಷೆಯನ್ನು ಆರಂಭಿಸಿದೊಡನೆ ಆ ಯಂತ್ರಗಳು ಕೆಲಸ ಮಾಡದಾದವು. ಕಾರಣ ತಿಳಿದ ಕೂಡಲೆ ಪ್ರಸಾರವನ್ನು ನಿಲ್ಲಿಸಲಾಯಿತು. ಯಾವ ರೋಗಿಗೂ ಅಪಾಯವಾಗಲಿಲ್ಲ.

ಇಲ್ಲಿ ತಪ್ಪು ಯಾರದು? ಕೇಂದ್ರವು ನಿಯಮವನ್ನು ಮೀರಿರಲಿಲ್ಲ, ಆಸ್ಪತ್ರೆಯೂ ಮೀರಿರಲಿಲ್ಲ. ನಿಯಮದಲ್ಲಿಯೇ ಕೊರತೆಯಿತ್ತು. ಆದುದರಿಂದ 2000ದಲ್ಲಿ ಅಮೆರಿಕ ಸರ್ಕಾರದ ಸಂಪರ್ಕ ಆಯೋಗವು ಇಂತಹ ವೈದ್ಯಕೀಯ ಸಂಕೇತಗಳಿಗೆ ಕೆಲವು ಕಂಪನಾಂಕಗಳನ್ನು ಗೊತ್ತುಪಡಿಸಿತು. 608ರಿಂದ 614 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯು ಅವುಗಳಲ್ಲೊಂದು. ಆಕಾಶಕಾಯಗಳಿಂದ ಬರುವ ಕ್ಷೀಣ ಅಲೆಗಳನ್ನು ಖಗೋಳಜ್ಞರು ಆಲಿಸಲೆಂದು ಆ ಪಟ್ಟಿಯನ್ನು ಮೊದಲೇ ದೂರದರ್ಶನ ಪ್ರಸಾರದಿಂದ ಮುಕ್ತವಾಗಿ ಇರಿಸಲಾಗಿತ್ತು. ಹೀಗೆ ದೂರದ ತಾರೆಗಳ ದನಿಗೂ ರೋಗಿಯ ಹೃದಯದ ದನಿಗೂ ಒಂದೇ ಆಶ್ರಯ ದೊರೆಯಿತು.

ರಕ್ಷಣೆಗೆ ಬೇರೆ ಉಪಾಯಗಳೂ ಉಂಟು. ಲೋಹದ ಹೊದಿಕೆಯು ಹೊರಗಿನ ಅಲೆಗಳನ್ನು ತಡೆಯುತ್ತದೆ. ದೂರವೂ ಒಂದು ಕವಚವೇ. ಪ್ರೇಷಕದಿಂದ ದೂರ ಸರಿದಂತೆ ಅಲೆಯ ಪ್ರಭಾವವು ಕುಗ್ಗುತ್ತದೆ. ಮೊಬೈಲ್ ದೂರವಾಣಿಯೂ ಒಂದು ಪ್ರೇಷಕವೇ ಆಗಿದೆ. ಯಂತ್ರದ ಪಕ್ಕದಲ್ಲಿಯೇ ಅದನ್ನಿರಿಸಿದರೆ, ಯಂತ್ರದ ತಂತಿಗಳು ಆಂಟೆನಾದಂತೆ ಅದರ ಅಲೆಗಳನ್ನು ಸೆಳೆದುಕೊಳ್ಳಬಹುದು. ಕೆಲವು ಹಜ್ಜೆ ದೂರವಿರಿಸಿದರೆ ಆ ಭಯವು ಬಹುಮಟ್ಟಿಗೆ ತಗ್ಗುತ್ತದೆ.

ಆಕಾಶವು ಎಲ್ಲರ ಸೊತ್ತು. ಅಲ್ಲಿ ಬಲವಾದ ದನಿಯುಳ್ಳವರು ಕೊಂಚ ಸರಿದು ನಿಂತರೆ ಮಾತ್ರ ಮೆಲುದನಿಯು ಕೇಳಿಸೀತು. ಆಸ್ಪತ್ರೆಯ ತೀವ್ರ ನಿಗಾ ಘಟಕದ ಬಾಗಿಲಲ್ಲಿ ದೂರವಾಣಿಯನ್ನು ಬಳಸಬಾರದೆಂಬ ಫಲಕವನ್ನು ಕಂಡಾಗ ಈ ಮಾತನ್ನು ನೆನೆಯೋಣ.