ತನಿಖೆ ತಡವಾದರೆ ಬೆಲೆ ತೆರುವವರು ರೋಗಿಗಳು

ಕ್ಯಾನ್ಸರ್ ಗಡ್ಡೆಯ ಜೀನ್‌ಗಳ ಚಟುವಟಿಕೆ ನೋಡಿ, ಯಾವ ರೋಗಿಗೆ ಯಾವ ಕಿಮೊಥೆರಪಿ ನಾಟುತ್ತದೆಂದು ಮೊದಲೇ ಹೇಳಬಹುದು ಎಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅನಿಲ್ ಪೊಟ್ಟಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಟೆಕ್ಸಾಸಿನ ಸಂಖ್ಯಾವಿಜ್ಞಾನಿಗಳಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಅದೇ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿದರೆ ಫಲಿತಾಂಶಗಳು ತಾಳೆಯಾಗಲಿಲ್ಲ. ಜೀನ್‌ಗಳ ಪಟ್ಟಿ ಒಂದು ಸಾಲು ಜರುಗಿತ್ತು. ಔಷಧಕ್ಕೆ ಬಗ್ಗುವ ಮತ್ತು ಬಗ್ಗದ ಮಾದರಿಗಳು ಅದಲುಬದಲಾಗಿದ್ದವು. ಈ ಆಕ್ಷೇಪ 2007ರಲ್ಲೇ ಅಚ್ಚಾಯಿತು. ಅದೇ ವರ್ಷ ರೋಗಿಗಳ ಮೇಲಿನ ಪ್ರಯೋಗವೂ ಶುರುವಾಯಿತು.

2009ರಲ್ಲಿ ಪ್ರಯೋಗಗಳನ್ನು ತಡೆಹಿಡಿದ ಡ್ಯೂಕ್, ಹೊರಗಿನ ಪರಿಶೀಲಕರನ್ನು ಕರೆಸಿತು. ಆದರೆ ಬ್ಯಾಗರ್ಲಿ ಹೊಸದಾಗಿ ಕಳಿಸಿದ್ದ ಆಕ್ಷೇಪಗಳನ್ನು ಅವರ ಕೈಗೆ ಕೊಡಲಿಲ್ಲ. ಪರಿಶೀಲಕರು ಒಪ್ಪಿದರು, 2010ರ ಆರಂಭದಲ್ಲಿ ಪ್ರಯೋಗ ಮತ್ತೆ ನಡೆಯಿತು. ಅದು ಮತ್ತೆ ನಿಂತದ್ದು ಆ ವರ್ಷದ ಜುಲೈನಲ್ಲಿ, ಅದೂ ಪೊಟ್ಟಿಯವರ ಸ್ವವಿವರದಲ್ಲಿ ಸುಳ್ಳಿದೆ ಎಂಬ ವರದಿ ಹೊರಬಿದ್ದ ಮೇಲೆ. ಸರ್ಕಾರದ ಸಂಶೋಧನಾ ಪ್ರಾಮಾಣಿಕತೆ ಕಚೇರಿಯಾದ ಓಆರ್‌ಐ ‘ದತ್ತಾಂಶ ಸುಳ್ಳು’ ಎಂದು ತೀರ್ಮಾನಿಸಿದ್ದು 2015ರಲ್ಲಿ. ಅಷ್ಟರಲ್ಲಿ ನೂರಕ್ಕೂ ಹೆಚ್ಚು ರೋಗಿಗಳು ಆ ಪ್ರಯೋಗಗಳಿಗೆ ಸೇರಿ ಆಗಿತ್ತು.

ಅಲ್ಲಿ ನಿಯಮಗಳಿರಲಿಲ್ಲವೇ? ಇದ್ದವು. 2005ರ ನಿಯಮದಂತೆ, ದೂರು ಬಂದಾಗ ವಿಶ್ವವಿದ್ಯಾಲಯವೇ 60 ದಿನಗಳಲ್ಲಿ ಪ್ರಾಥಮಿಕ ವಿಚಾರಣೆ, ಅಗತ್ಯಬಿದ್ದರೆ 120 ದಿನಗಳಲ್ಲಿ ಪೂರ್ಣ ತನಿಖೆ ನಡೆಸಬೇಕಿತ್ತು. ಆರೋಪಿಗೆ ತಿಳಿಸುವ ಹೊತ್ತಿಗೆ ಪ್ರಯೋಗಾಲಯದ ನೋಟ್‌ಪುಸ್ತಕ, ಕಂಪ್ಯೂಟರ್‌ಗಳು ವಶಕ್ಕೆ ಬಂದಿರಬೇಕಿತ್ತು. ಬಳಿಕ ಓಆರ್‌ಐ ಆ ವರದಿಯನ್ನು ತೂಗಿ ನೋಡಿ, ಅನುದಾನದಿಂದ ಹೊರಗಿಡುವಂಥ ಕ್ರಮ ಕೈಗೊಳ್ಳುತ್ತದೆ. ಅವಧಿ ವಿಸ್ತರಿಸಲು ಅವಕಾಶವಿದೆ. ಮೊದಲ ತನಿಖೆ ಮಾತ್ರ ಅನುದಾನವನ್ನೂ ಹೆಸರನ್ನೂ ಕಳೆದುಕೊಳ್ಳಬೇಕಾದ ಸಂಸ್ಥೆಯ ಕೈಯಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಓಆರ್‌ಐನಂಥ ಮೇಲಿನ ಕಚೇರಿಯೂ ಇಲ್ಲ. ಯುಜಿಸಿಯ 2018ರ ನಿಯಮಾವಳಿ ಕೃತಿಚೌರ್ಯವನ್ನು ಶೇಕಡಾವಾರು ಅಳೆಯುತ್ತದೆ; ಇಲ್ಲದ ಅಂಕಿಗಳನ್ನು ಸೃಷ್ಟಿಸಿದವರನ್ನು ಹಿಡಿಯುವ ಬಲೆ ಅದಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಿಂದ 2020ರ ಅಕ್ಟೋಬರ್‌ನಲ್ಲಿ ಹೊರಟ ಪ್ರಬಂಧವೊಂದರ ಚಿತ್ರಗಳು ತಿದ್ದಿದವೆಂದು ಗೊತ್ತಾಗಿ, ವರ್ಷ ತುಂಬುವ ಮೊದಲೇ ಅದನ್ನು ಹಿಂಪಡೆಯಲಾಯಿತು. ಸಂಸ್ಥೆ ಮನಸ್ಸು ಮಾಡಿದರೆ ಬೇಗ ಮುಗಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಮನಸ್ಸು ಮಾಡದಿದ್ದರೆ ದೂರುದಾರ ಯಾವ ಬಾಗಿಲು ತಟ್ಟಬೇಕು?

ಈ ಪ್ರಶ್ನೆಗೆ ಈಗಲೇ ಉತ್ತರ ಬೇಕು. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಮೂಲಕ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಹರಿಸುವ ಅಂದಾಜಿದೆ. ಹಣ ಹೆಚ್ಚಿದಂತೆ ಪೈಪೋಟಿ, ಆತುರ, ಆಮಿಷ ಮೂರೂ ಹೆಚ್ಚುತ್ತವೆ. ಹಣದ ಜೊತೆಗೇ ಮೂರು ಷರತ್ತು ಬರಲಿ: ದೂರು ಬಂದ ದಿನವೇ ಮೂಲ ದತ್ತಾಂಶಕ್ಕೆ ಮೊಹರು, ಹೊರಗಿನ ತಜ್ಞರ ಕೈಗೆ ಆಕ್ಷೇಪಗಳ ಪೂರ್ಣ ಕಡತ, ರೋಗಿಗಳು ಭಾಗಿಯಾಗಿದ್ದರೆ ತನಿಖೆ ಮುಗಿಯುವವರೆಗೆ ಹೊಸಬರ ಸೇರ್ಪಡೆಗೆ ತಡೆ. ಈ ಮೂರನೆಯದು 2007ರಲ್ಲೇ ಜಾರಿಯಲ್ಲಿದ್ದಿದ್ದರೆ ಡ್ಯೂಕ್‌ನಲ್ಲಿ ರೋಗಿಗಳ ಪಟ್ಟಿ ಬೆಳೆಯುತ್ತಿರಲಿಲ್ಲ.