ಕಾಲ್ ಆಫ್: ಮುಂದೂಡಿದ್ದೋ, ಕೈಬಿಟ್ಟಿದ್ದೋ?

ಕೋವಿಡ್ ಕಾಲದ ಎರಡು ಸುದ್ದಿ. 2020ರ ಮಾರ್ಚ್ 24ರಂದು ಟೋಕಿಯೊ ಒಲಿಂಪಿಕ್ಸ್ ಮುಂದಕ್ಕೆ ಹೋಯಿತು. ಏಪ್ರಿಲ್ 1ರಂದು ವಿಂಬಲ್ಡನ್ ರದ್ದಾಯಿತು, ಎರಡನೇ ಮಹಾಯುದ್ಧದ ನಂತರ ಮೊದಲ ಸಲ. ಇಂಗ್ಲಿಷ್‌ನಲ್ಲಿ ಒಲಿಂಪಿಕ್ಸ್ ‘ಪುಟ್ ಆಫ್’, ವಿಂಬಲ್ಡನ್ ‘ಕಾಲ್ಡ್ ಆಫ್’. ಒಲಿಂಪಿಕ್ಸ್ 2021ರ ಜುಲೈನಲ್ಲಿ ಶುರುವಾಯಿತು. 2020ರ ವಿಂಬಲ್ಡನ್ ನಡೆಯಲೇ ಇಲ್ಲ.

‘ಕಾಲ್ ಆಫ್’ ಅಂದರೆ ನಿಗದಿಯಾದದ್ದನ್ನು ರದ್ದು ಮಾಡುವುದು. ಶುರುವಾದದ್ದನ್ನು ಅರ್ಧಕ್ಕೇ ಕೈಬಿಡುವುದಕ್ಕೂ ಇದೇ ಮಾತು, ಇದರ ನಿಜವಾದ ತೂಕ ಗೊತ್ತಾಗುವುದು ಇಲ್ಲೇ. ಚೌರಿಚೌರಾದಲ್ಲಿ ಜನರ ಗುಂಪು ಪೊಲೀಸ್ ಠಾಣೆಗೆ ಬೆಂಕಿಯಿಟ್ಟು ಪೊಲೀಸರು ಸತ್ತಾಗ, 1922ರ ಫೆಬ್ರುವರಿಯಲ್ಲಿ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರಲ್ಲ? ಇಂಗ್ಲಿಷ್ ಇತಿಹಾಸ ಪುಸ್ತಕಗಳು ಸಾಮಾನ್ಯವಾಗಿ ಅದನ್ನು ‘ಕಾಲ್ಡ್ ಆಫ್’ ಎಂದೇ ಬರೆಯುತ್ತವೆ. ಮುಷ್ಕರ ವಾಪಸ್ ಪಡೆದರೆ ಪೇಪರಿನ ತಲೆಬರಹ: ‘ಸ್ಟ್ರೈಕ್ ಕಾಲ್ಡ್ ಆಫ್’.

ಈಗ, ಕಲಿಯುವವರು ಎಡವುವ ಜಾಗ.

‘ಕಾಲ್ ಆಫ್ ದ ಮೀಟಿಂಗ್’, ‘ಕಾಲ್ ದ ಮೀಟಿಂಗ್ ಆಫ್’, ಎರಡೂ ಸರಿ. ಆದರೆ ಮೀಟಿಂಗ್ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಕಾಲ್ ಇಟ್ ಆಫ್’. ‘ಕಾಲ್ ಆಫ್ ಇಟ್’ ಅನ್ನುವುದು ತಪ್ಪು. ‘ಪುಟ್ ಆಫ್’ಗೂ ಇದೇ ನಿಯಮ: ‘ಪುಟ್ ಇಟ್ ಆಫ್’.

ಮದುವೆ ‘ಪುಟ್ ಆಫ್’ ಆಗಿದ್ದರೆ ಇನ್ನೊಂದು ಮುಹೂರ್ತ ನೋಡುತ್ತಾರೆ ಎಂದರ್ಥ. ‘ಕಾಲ್ಡ್ ಆಫ್’ ಆಗಿದ್ದರೆ ಸಂಬಂಧವೇ ಮುರಿದಿದೆ. ನೆಂಟರಿಗೆ ಇಂಗ್ಲಿಷ್‌ನಲ್ಲಿ ಮೆಸೇಜ್ ಕಳಿಸುವ ಮುನ್ನ ಯಾವುದು ಬರೆದಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ.